ನೀರುಬಟ್ಟೆಗೆ ಅರಿಶಿನ

ಆ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿದವಳು ನಾನೇ. ಈಗ ದೊಡ್ಡ ದೊಡ್ಡ ವಿಜ್ಞಾನಿಗಳು ಸಭೆಗಳಲ್ಲಿ ಅದರ ಚಿತ್ರವನ್ನು ಪರದೆಯ ಮೇಲೆ ತೋರಿಸಿ ವಿವರಿಸುತ್ತಾರಂತೆ. ಹಚ್ಚುವಾಗ ನಾನು ಕಳ್ಳಿಯ ಹಾಗೆ ಆಚೆ ಈಚೆ ನೋಡಿ, ಯಾರಿಗೂ ಕಾಣದಂತೆ ಹಚ್ಚಿದ್ದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಬರೆಯಬೇಕಾಯಿತು.

ನನ್ನ ಹೆಸರು ದಾನೇಶ್ವರಿ. ಗುಳೇದಗುಡ್ಡದವಳು. ಕುಪ್ಪಸದ ಖಣ ನೇಯುವುದು ನಮ್ಮ ಮನೆಯ ಕಸುಬು. ನೀಲಾಂಬಿಕಾ, ಕಸ್ತೂರಿ, ನಾನು ಹೈಸ್ಕೂಲಿನ ಮೂರೂ ವರ್ಷ ಒಂದೇ ಬೆಂಚಿನ ಮೇಲೆ ಕೂತವರು. ನೀಲಾ ರಸಾಯನಶಾಸ್ತ್ರ ಓದುತ್ತ ಓದುತ್ತ ಆಸ್ಟ್ರೇಲಿಯಾದ ಅಡಿಲೇಡ್ ಸೇರಿದಳು. ಕಸ್ತೂರಿ ಬಾಗಲಕೋಟೆಯಲ್ಲಿ ಖಾನಾವಳಿ ತೆರೆದಳು, ಅದಕ್ಕೆ ಸಾಮಾನು ತರುವ ಟೆಂಪೋವನ್ನೂ ತಾನೇ ಓಡಿಸಿದಳು. ನಾನು ಮಗ್ಗದ ಮುಂದೆ ಉಳಿದೆ. ಐವತ್ತೇಳು ದಾಟಿದ ಮೇಲೆ ಮೂವರೂ ಒಂದೇ ವ್ಯಾನಿನಲ್ಲಿ ಕೂತು, ಊರಿಲ್ಲದ ಕೇರಿಯಿಲ್ಲದ ಕೆಂಪು ಮಣ್ಣಿನ ರಸ್ತೆಯಲ್ಲಿ ಏಳು ದಿನ ತಿರುಗುತ್ತೇವೆ ಎಂದು ಯಾರಾದರೂ ಹೇಳಿದ್ದರೆ ನಾವೇ ನಕ್ಕುಬಿಡುತ್ತಿದ್ದೆವು.

ಇದಕ್ಕೆಲ್ಲ ಕಾರಣ ನೀಲಾ ಕಂಡುಹಿಡಿದ ಒಂದು ನೂಲು. ಅದರ ಮೈತುಂಬ ಕಣ್ಣಿಗೆ ಕಾಣದ ಗೂಡುಗಳು. ಒಂದು ಚಮಚದಷ್ಟು ನೂಲಿನ ಗೂಡುಗಳನ್ನು ಬಿಚ್ಚಿ ಹಾಸಿದರೆ ಫುಟ್‌ಬಾಲ್ ಮೈದಾನವನ್ನೇ ಮುಚ್ಚಬಹುದು ಎಂದು ಅವಳು ಹೇಳಿದಾಗ ಕಸ್ತೂರಿ, ಹಾಸಿ ತೋರಿಸು ನೋಡೋಣ ಎಂದಿದ್ದಳು. ಎಂಥ ಒಣ ಗಾಳಿಯಲ್ಲೂ ಸ್ವಲ್ಪ ನೀರಿನ ಆವಿ ಇದ್ದೇ ಇರುತ್ತದೆ. ಹೊತ್ತು ಮುಳುಗಿ ತಂಪಾದಾಗ ಆ ಆವಿ ಬಂದು ಗೂಡು ಸೇರುತ್ತದೆ. ಬೆಳಿಗ್ಗೆ ಬಿಸಿಲು ತಾಗಿದರೆ ಹೊರಗೆ ಬರುತ್ತದೆ. ಮೇಲೊಂದು ಪಾರದರ್ಶಕ ಹಾಳೆಯ ಡೇರೆ ಮುಚ್ಚಿಟ್ಟರೆ ಆವಿ ಹನಿಯಾಗಿ ಜಾರಿ, ಕೊಳವೆಯಲ್ಲಿ ಇಳಿದು ಡ್ರಮ್ಮಿಗೆ ಬೀಳುತ್ತದೆ. ಬಾವಿ ಬೇಡ, ನಲ್ಲಿ ಬೇಡ, ಮೋಡವೂ ಬೇಡ.

ನೂಲೇನೋ ಸಿದ್ಧವಾಯಿತು, ಬಟ್ಟೆಯಾಗಲಿಲ್ಲ. ಯಂತ್ರದ ಮಗ್ಗಕ್ಕೆ ಏರಿಸಿದರೆ ಪಟಪಟ ಹರಿಯುತ್ತಿತ್ತು. ಕೊನೆಗೆ ನೀಲಾ ನನಗೆ ಫೋನ್ ಮಾಡಿದಳು. ರೇಷ್ಮೆಯ ಎಳೆಯನ್ನು ನೋಯಿಸದೆ ನೇಯ್ದ ಕೈ ನಮ್ಮದು. ನಾಲ್ಕು ತಿಂಗಳು ಕೈಗವಸು ಹಾಕಿಕೊಂಡು ನೇಯ್ದು ತಿಳಿ ಬೂದು ಬಣ್ಣದ ಒಂದು ದೊಡ್ಡ ಹಾಸನ್ನು ಕೊಟ್ಟೆ. ಕಸ್ತೂರಿ ಅದಕ್ಕೆ ನೀರುಬಟ್ಟೆ ಎಂದು ಹೆಸರಿಟ್ಟಳು.

ಆದರೆ ನೀಲಾಳ ಪ್ರಯೋಗಾಲಯದವರ ತಾಳ್ಮೆ ಮುಗಿದಿತ್ತು. ಹನ್ನೊಂದು ವರ್ಷ ಕಳೆದಿತ್ತು. ಮರುತಿಂಗಳು ಅವಳಿಗೆ ನಿವೃತ್ತಿ. ಕೊನೆಯ ಒಂದು ಪರೀಕ್ಷೆ ಎಂದರು: ತರಬೇತಿಯಿಲ್ಲದ ಸಾಮಾನ್ಯ ಜನ ಈ ಬಟ್ಟೆಯ ನೀರಿನಲ್ಲೇ ಒಣನಾಡಿನಲ್ಲಿ ಏಳು ದಿನ ಬದುಕಿ ತೋರಿಸಬೇಕು. ತೋರಿಸಿದರೆ ನೀರಿಲ್ಲದ ಊರುಗಳಿಗೆಲ್ಲ ಬಟ್ಟೆ ಹೋಗುತ್ತದೆ, ಇಲ್ಲದಿದ್ದರೆ ನೂಲು ಕಪಾಟು ಸೇರುತ್ತದೆ. ಹರಿದರೆ ಹೊಲಿಯಲು ನಾನು, ಗಾಡಿ ಓಡಿಸಲು ಮತ್ತು ಅಡುಗೆಗೆ ಕಸ್ತೂರಿ. ನಮ್ಮಷ್ಟು ಸಾಮಾನ್ಯರು ಯಾರಿಗೂ ಸಿಗಲಾರರು ಎಂದು ನೀಲಾ ಹೇಳಿದಳಂತೆ. ವ್ಯಾನಿನಲ್ಲಿ ಸೀಲು ಹಾಕಿದ ನೀರಿನ ಕ್ಯಾನುಗಳಿದ್ದವು, ಜೀವಕ್ಕೆ ಭಯವಿರಲಿಲ್ಲ. ಸೀಲು ಒಡೆದರೆ ಮಾತ್ರ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು.

ಅಡಿಲೇಡಿಗೆ ಇಳಿದ ದಿನವೇ ನಾನು ನೀಲಾಳ ಕೈಗೆ ಒಂದು ಚಂದ್ರಕಾಳಿ ಖಣ ಇಟ್ಟೆ. ಕಪ್ಪು ಮೈ, ಕೆಂಪು ಅಂಚು, ಅವಳಿಗೆಂದೇ ನೇಯ್ದದ್ದು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸಿಯೇ ಕೊಡುವುದು ನಮ್ಮ ಮನೆಯ ರೂಢಿ. ಚೀಲದಿಂದ ಅರಿಶಿನದ ಭರಣಿ ತೆಗೆದದ್ದೇ ತಡ, ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅದರ ಒಂದು ಕಣ ತನ್ನ ಮೈಗೆ ಅಂಟಿ ಅಲ್ಲಿಂದ ನೂಲಿಗೆ ತಾಗಿದರೂ ಗೂಡುಗಳೆಲ್ಲ ಕೆಡುತ್ತವೆ ಎಂದಳು. ನನ್ನ ಮುಖ ಸಣ್ಣದಾಯಿತು. ಅವಳು ಖಣವನ್ನು ಹಾಗೇ ಮಡಚಿ ತನ್ನ ಚೀಲದ ಅಡಿಗೆ ಇಟ್ಟುಕೊಂಡಳು.

ಇಷ್ಟು ಹೇಳಿದ ಮೇಲೂ ನಾನು ಹಚ್ಚಿದೆ. ಮೊದಲನೆಯ ಸಂಜೆ ಬಟ್ಟೆಯನ್ನು ಗೂಟಗಳಿಗೆ ಕಟ್ಟುತ್ತಿದ್ದೆವು. ನೀಲಾ ಯಂತ್ರಗಳ ಕಡೆ ಹೋದಳು. ನಾಲ್ಕು ತಿಂಗಳು ಕೂತು ನೇಯ್ದ ಬಟ್ಟೆ, ಮೂಲೆಗೆ ಅರಿಶಿನವಿಲ್ಲದೆ ಮೊದಲ ಬಾರಿ ಕೆಲಸಕ್ಕೆ ಹೋಗುತ್ತಿದೆ ಎಂದು ನನ್ನ ಜೀವ ತಡೆಯಲಿಲ್ಲ. ಉಂಗುರ ಬೆರಳನ್ನು ಭರಣಿಗೆ ಅದ್ದಿ, ಮೂಲೆಯ ಅಡಿಮಗ್ಗುಲಿಗೆ ಒಂದೇ ಒಂದು ಬೊಟ್ಟು ಇಟ್ಟೆ. ಇಷ್ಟರಿಂದ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಡೇರೆಯ ಒಳಗೆ ಹನಿ ಕಟ್ಟಿತು, ಹನಿ ಜಾರಿತು, ಕೊಳವೆಯಿಂದ ಡ್ರಮ್ಮಿಗೆ ಟಪ್ ಎಂದು ಮೊದಲ ಹನಿ ಬಿತ್ತು. ಮೂವರೂ ಡ್ರಮ್ಮಿನ ಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತು ಲೀಟರ್. ಕಸ್ತೂರಿ ಅದರಲ್ಲೇ ಚಹಾ ಮಾಡಿದಳು. ಗಾಳಿಯನ್ನು ಹಿಂಡಿ ಮಾಡಿದ ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚೇ ಬೇಕು ಎಂದು ತೀರ್ಪು ಕೊಟ್ಟಳು.

ಅಡಿಲೇಡಿನ ನಿಯಂತ್ರಣ ಕೊಠಡಿಯಲ್ಲಿ ನೀಲಾಳ ಮೇಲಧಿಕಾರಿ ಹೆಲೆನ್ ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಕೂತಿದ್ದರು. ಕಸ್ತೂರಿ ಅವರನ್ನು ನಮ್ಮ ಶಾಲೆಯ ಶಿಕ್ಷಕಿಯರನ್ನು ಕರೆಯುತ್ತಿದ್ದ ಹಾಗೆ ಹೆಲೆನ್ ಅಕ್ಕೋರು ಎಂದೇ ಕರೆಯುತ್ತಿದ್ದಳು. ಬಟ್ಟೆಯ ತೂಕ, ಬಿಸಿ, ಗಾಳಿಯ ತೇವ ಎಲ್ಲವೂ ಗಳಿಗೆಗೊಮ್ಮೆ ಉಪಗ್ರಹದ ಮೂಲಕ ಅವರಿಗೆ ತಲುಪುತ್ತಿದ್ದವು. ಜೊತೆಗೆ ಬಿಡಾರದಲ್ಲಿ ಒಂದು ಮೈಕು ಸದಾ ತೆರೆದಿರುತ್ತಿತ್ತು. ಮೊದಲನೆಯ ಸಂಜೆಯೇ ಅವರು ಗಾಬರಿಯಿಂದ ವರದಿಯಲ್ಲಿ ಬರೆದರಂತೆ: ತಂಡದಲ್ಲಿ ತೀವ್ರ ಜಗಳ. ನೀಲಾ ಮರುದಿನ ರೇಡಿಯೋದಲ್ಲಿ, ಅದು ಜಗಳವಲ್ಲ, ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಎಷ್ಟು ಹಾಕಬೇಕೆಂಬ ಚರ್ಚೆ, ನಮ್ಮ ಕಡೆಯವರು ಮಾತಾಡುವುದೇ ಹಾಗೆ ಎಂದು ವಿವರಿಸಬೇಕಾಯಿತು. ಆಮೇಲೆ ಆ ಗದ್ದಲ ಕೇಳಿದರೆ ಮಾತ್ರ ಹೆಲೆನ್ ಅವರಿಗೆ ಸಮಾಧಾನ.

ಆ ಮೊದಲ ಮೂರು ದಿನಗಳನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಬಾದಾಮಿಯ ಕಲ್ಲಿನ ಬಣ್ಣದ ನೆಲ, ಎಲ್ಲಿ ನೋಡಿದರೂ ಆಕಾಶ. ಗುಲಾಬಿ ಎದೆಯ ಗಿಳಿಗಳು ಹಿಂಡುಹಿಂಡಾಗಿ ಬಂದು ನಮ್ಮ ಡ್ರಮ್ಮಿನ ಮೇಲೆ ಕೂರುತ್ತಿದ್ದವು. ಕಸ್ತೂರಿ ಗುಡ್ಡವಿಲ್ಲದ ರಸ್ತೆಯಲ್ಲೂ ಪ್ರತಿ ತಿರುವಿಗೆ ಹಾರ್ನ್ ಹೊಡೆಯುತ್ತಿದ್ದಳು. ಎದುರಿಗೆ ಯಾರು ಬರುತ್ತಾರೆಂದು ಕೇಳಿದರೆ, ಬಂದರೆ ಎಂದಳು. ಒಮ್ಮೆ ನಿಜವಾಗಿಯೂ ಬಂತು: ಆಳೆತ್ತರದ ಎಮು ಹಕ್ಕಿಯೊಂದು ರಸ್ತೆಯ ನಡುವೆ ನಿಂತು ನಮ್ಮನ್ನೇ ದುರುಗುಟ್ಟಿ ನೋಡಿತು. ಕಸ್ತೂರಿ ಇಳಿದು ಕೈಮುಗಿದು ದಾರಿ ಕೇಳಿದಳು. ಅದು ಕೊಟ್ಟಿತು.

ಮೂರನೆಯ ಸಂಜೆ ಒಣಗಿದ ಉಪ್ಪುಕೆರೆಯ ದಂಡೆಯಲ್ಲಿ ಬಿಡಾರ ಹೂಡಿದೆವು. ಕಣ್ಣು ಹಾಯುವವರೆಗೂ ಬೆಳ್ಳಗೆ, ಯಾರೋ ರಂಗೋಲಿ ಹಿಟ್ಟಿನ ಮೂಟೆಗಳನ್ನು ಸುರಿದಂತೆ. ನಾವು ಚಪ್ಪಲಿ ಬಿಟ್ಟು ಅದರ ಮೇಲೆ ಓಡಿದೆವು, ಕುಂಟಾಬಿಲ್ಲೆ ಆಡಿದೆವು. ಮೂವತ್ತು ವರ್ಷದಿಂದ ನಗುವುದನ್ನು ಮಿತವಾಗಿ ಬಳಸುತ್ತಿದ್ದ ನೀಲಾ ಬಿದ್ದು ಬಿದ್ದು ನಕ್ಕಳು. ಹೊತ್ತು ಮುಳುಗುವಾಗ ಗಾಳಿ ಎದ್ದು ಬಿಳಿ ಧೂಳು ಮೇಲೆದ್ದಿತು. ತಲೆ ಮುಖ ಝಾಡಿಸಿಕೊಂಡು ಊಟಕ್ಕೆ ಕೂತೆವು. ಬಟ್ಟೆಯನ್ನು ಝಾಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಹನ್ನೊಂದು ಲೀಟರ್ ಬಂತು. ಗಾಳಿ ಒಣಗಿರಬೇಕು ಎಂದಳು ನೀಲಾ. ಅಡಿಲೇಡಿನ ಲೆಕ್ಕದ ಪ್ರಕಾರ ಗಾಳಿಯಲ್ಲಿ ನಿನ್ನೆಯಷ್ಟೇ ತೇವವಿತ್ತು. ಐದನೆಯ ಬೆಳಿಗ್ಗೆ ಬಿಸಿಲು ಏರಿತು, ನಾವು ಡ್ರಮ್ಮಿನ ಸುತ್ತ ಕೂತೆವು. ಹನಿಗೂ ಹನಿಗೂ ನಡುವೆ ಕಸ್ತೂರಿ ಒಂದು ಈರುಳ್ಳಿ ಹೆಚ್ಚಿ ಮುಗಿಸುತ್ತಿದ್ದಳು. ನಾಲ್ಕು ಲೀಟರಿಗೆ ನಿಂತುಹೋಯಿತು. ಹಿಂದಿನದು ಸೇರಿ ನಮ್ಮ ಹತ್ತಿರ ಒಟ್ಟು ಹದಿನಾಲ್ಕು ಲೀಟರ್ ಉಳಿದಿತ್ತು. ಹೊತ್ತು ಮುಳುಗುವಾಗ ತಲೆಗೊಂದರಂತೆ ಮೂರು ಲೀಟರಾದರೂ ಇರಲೇಬೇಕು, ಇಲ್ಲದಿದ್ದರೆ ಸೀಲು ಒಡೆಯಿರಿ ಎಂಬುದು ನಿಯಮ.

ನೀಲಾ ಬಟ್ಟೆಯನ್ನು ಕೈಗವಸಿನಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಬಂದ ನೀರನ್ನು ಪರೀಕ್ಷಿಸಿದಳು, ಆವಿಯಿಂದ ಇಳಿದ ನೀರು ಎಂದಿನಂತೆ ಶುದ್ಧವಾಗಿತ್ತು. ಯಂತ್ರಗಳೆಲ್ಲ ಸರಿಯಾಗಿದ್ದವು. ಏನೋ ಹೊರಗಿನದು ಗೂಡು ಸೇರಿದೆ, ಏನೆಂದು ತಿಳಿಯುತ್ತಿಲ್ಲ ಎಂದಳು. ಏನೆಂದು ನನಗೆ ತಿಳಿದಿತ್ತು.

"ನೀಲಾ, ನಾ ಬಟ್ಟಿ ಮೂಲಿಗೆ ಅರಿಷಿಣ ಹಚ್ಚೀನಿ," ಎಂದೆ. "ಮೊದಲನೇ ದಿನಾನ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಒಂದು ಕೈಗವಸು ತೆಗೆದಳು, ಇನ್ನೊಂದನ್ನೂ ತೆಗೆದಳು, ಮಡಚುವ ಕುರ್ಚಿಯ ಮೇಲೆ ಕೂತಳು.

"ಹನ್ನೊಂದು ವರ್ಷ, ದಾನಿ," ಎಂದಳು. "ನಿನಗ ಒಂದ ಮಾತು ಹೇಳಿದ್ದೆ."

ಆಮೇಲೆ ಯಾರೂ ಮಾತಾಡಲಿಲ್ಲ. ಒಲೆಯ ಮೇಲಿನ ಚಹಾ ಉಕ್ಕಿತು, ಕಸ್ತೂರಿ ಒಲೆ ಆರಿಸಿದಳು, ಚಹಾ ಸೋಸಲಿಲ್ಲ. ಗೆಳತಿಯ ಬದುಕನ್ನೇ ಹಾಳುಮಾಡಿದೆನಲ್ಲ ಎಂದು ನನಗೆ ಅಳು ಬಂತು. ಆ ಹೊತ್ತಿನ ನಿಯಂತ್ರಣ ಕೊಠಡಿಯ ಕತೆಯನ್ನು ಹೆಲೆನ್ ಆಮೇಲೆ ನನಗೆ ಹೇಳಿದರು. ಪರದೆಯ ಮೇಲೆ ನೀರಿನ ಗೆರೆ ಇಳಿದದ್ದು ಅವರನ್ನು ಅಷ್ಟು ಹೆದರಿಸಲಿಲ್ಲವಂತೆ. ಮೈಕಿನಲ್ಲಿ ಹತ್ತು ನಿಮಿಷ ಏನೂ ಕೇಳಿಸದಿದ್ದಾಗ ಎದ್ದು ನಿಂತು, ವರದಿಯಲ್ಲಿ ಹೀಗೆ ಬರೆದರಂತೆ: ಬಿಡಾರ ಮೌನವಾಗಿದೆ. ಏನೋ ಆಗಬಾರದ್ದು ಆಗಿದೆ.

ಮೌನವನ್ನು ಕಸ್ತೂರಿಗೆ ಬಹಳ ಹೊತ್ತು ತಡೆದುಕೊಳ್ಳಲು ಆಗುವುದಿಲ್ಲ. ಎಲ್ಲಿ ಹಚ್ಚಿದ್ದೀಯ ತೋರಿಸು ಎಂದು ನನ್ನನ್ನು ಎಬ್ಬಿಸಿದಳು. ನಾನು ಹೋಗಿ ಆ ಮೂಲೆಯನ್ನು ಮಗುಚಿ ತೋರಿಸಿದೆ. ಅವಳು ಕನ್ನಡಕವನ್ನು ಹಣೆಯಿಂದ ಇಳಿಸಿ ನೋಡಿದಳು.

"ಇದು ಅರಿಷಿಣ ಎಲ್ಲೈತಿ? ಕುಂಕುಮ ಹಚ್ಚೀದಿ ನೀ."

ನಾನು ಕುಂಕುಮವನ್ನು ಊರಿನಿಂದ ತಂದೇ ಇರಲಿಲ್ಲ. ಬಗ್ಗಿ ನೋಡಿದೆ. ಹಳದಿಯಾಗಿ ಇಟ್ಟ ಬೊಟ್ಟು ಕಡು ಕೆಂಪಾಗಿತ್ತು.

"ನನ್ನ ಖಾನಾವಳ್ಯಾಗ ಟೇಬಲ್ ಒರಸೋ ಬಟ್ಟಿ ಹಿಂಗ ಆಗ್ತಾವ," ಎಂದಳು ಕಸ್ತೂರಿ. "ಸಾರು ಚೆಲ್ಲಿದ ಕಲಿ ಹಳದಿ ಇರ್ತೈತಿ. ಸಾಬೂನ ಹಚ್ಚಿದ ಕೂಡ್ಲೆ ಕೆಂಪ."

ನನಗೆ ಆರತಿಯ ತಟ್ಟೆ ಕಣ್ಣಿಗೆ ಬಂತು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಕೆಂಪು ಮಾಡುವುದನ್ನು ಎಷ್ಟು ಸಲ ಮಾಡಿಲ್ಲ. ಆದರೆ ಇಲ್ಲಿ ಸಾಬೂನು ಯಾರು ಹಚ್ಚಿದರು, ಸುಣ್ಣ ಎಲ್ಲಿಂದ ಬಂತು? ಇದನ್ನೇ ಜೋರಾಗಿ ಕೇಳಿದೆ. ಹಿಂದಿನಿಂದ ಕುರ್ಚಿ ಉರುಳಿದ ಸದ್ದಾಯಿತು. ನೀಲಾ ಓಡಿ ಬಂದು ನನ್ನ ಕೈಯಿಂದ ಮೂಲೆಯನ್ನು ಕಸಿದುಕೊಂಡಿದ್ದಳು.

"ಕ್ಷಾರ," ಎಂದಳು. "ಆ ಕೆರಿ ಧೂಳು."

ಭೂತಗನ್ನಡಿ ಹಿಡಿದು ನೋಡಿದಾಗ ಎಳೆಯ ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ನಾವು ಕುಂಟಾಬಿಲ್ಲೆ ಆಡಿದ ಕೆರೆಯ ಧೂಳು, ಸುಣ್ಣದ ಗುಣದ್ದು. ರಾತ್ರಿಯ ತೇವಕ್ಕೆ ಕರಗಿ ಗೂಡಿನ ಬಾಗಿಲುಗಳಿಗೆ ಮೆತ್ತಿಕೊಂಡಿತ್ತು. ಗೂಡುಗಳನ್ನು ಕಟ್ಟಿ ನಿಲ್ಲಿಸಿರುವುದು ಲೋಹದ ಸಣ್ಣ ಗಂಟುಗಳು, ಇನ್ನೆರಡು ದಿನ ಬಿಟ್ಟರೆ ಕ್ಷಾರ ಅವನ್ನೇ ತಿಂದುಹಾಕುತ್ತಿತ್ತು ಎಂದಳು ನೀಲಾ. ಹನ್ನೊಂದು ವರ್ಷ ಶುದ್ಧ ಗಾಳಿಯ ಕೋಣೆಯಲ್ಲಿ ಪರೀಕ್ಷೆ ಮಾಡಿದವರಿಗೆ ಧೂಳಿನ ನೆನಪೇ ಆಗಿರಲಿಲ್ಲ. ಲಕ್ಷಾಂತರ ಬೆಲೆಯ ಅಷ್ಟೊಂದು ಯಂತ್ರಗಳ ನಡುವೆ ಕ್ಷಾರವನ್ನು ಗುರುತಿಸಿದ್ದು ಒಂದು ಬೊಟ್ಟು ಮಾತ್ರ.

ರೋಗ ತಿಳಿದರೆ ಮದ್ದು ಕಷ್ಟವಲ್ಲ. ಕ್ಷಾರಕ್ಕೆ ಹುಳಿ. ಪ್ರಯೋಗಾಲಯದಲ್ಲಾದರೆ ಹತ್ತು ಬಗೆಯ ಆಮ್ಲಗಳಿದ್ದವು, ಇಲ್ಲಿ ಕಸ್ತೂರಿಯ ಡಬ್ಬಿಯಲ್ಲಿ ಅಡಿಲೇಡಿನ ಅಂಗಡಿಯಿಂದ ಕೊಂಡ ಅರ್ಧ ಕಿಲೋ ಹುಣಸೆಹಣ್ಣು ಇತ್ತು. ಸಾರಿಗೆ ಇಲ್ಲದಂತಾಗುತ್ತದೆ ಎಂದು ಅವಳು ಮೊದಲು ಗೊಣಗಿದಳು, ಆಮೇಲೆ ತಾನೇ ನೆನೆಹಾಕಿದಳು.

ಹೆಲೆನ್ ರೇಡಿಯೋದಲ್ಲಿ ಎಲ್ಲವನ್ನೂ ಕೇಳಿ ಲೆಕ್ಕ ಹಾಕಿದರು. ಬಟ್ಟೆ ತೊಳೆಯಲು ಏಳು ಲೀಟರ್ ಬೇಕು, ತೊಳೆದ ಮೇಲೂ ಅದು ನೀರು ಕೊಡದಿದ್ದರೆ ನಾಳೆ ಬೆಳಿಗ್ಗೆ ಸೀಲು ಒಡೆಯಲೇಬೇಕು, ಪರೀಕ್ಷೆ ಅಲ್ಲಿಗೆ ಮುಗಿಯಿತು. ಈಗಲೇ ನಿಲ್ಲಿಸಿದರೆ, ಧೂಳಿನ ಕಾರಣಕ್ಕೆ ಎಂದು ಬರೆದು ಮುಂದೆ ಎಂದಾದರೂ ಮತ್ತೆ ಕೇಳಬಹುದು. ಎಷ್ಟು ಖಾತ್ರಿ ಇದೆ ಎಂದು ಅವರು ನೀಲಾಳನ್ನು ಕೇಳಿದರು. ಅರ್ಧದಷ್ಟು ಎಂದಳು ನೀಲಾ. ಆಗ ಕಸ್ತೂರಿ ಮೈಕು ಕಸಿದುಕೊಂಡು ತನ್ನ ಇಂಗ್ಲಿಷಿನಲ್ಲಿ, ಮೂವತ್ತು ವರ್ಷದಿಂದ ಇದೇ ಹುಣಸೆಯಿಂದ ಹಿತ್ತಾಳೆ ಪಾತ್ರೆ ಬೆಳಗಿದ್ದೇನೆ, ಉಳಿದ ಅರ್ಧದ ಖಾತ್ರಿ ನನ್ನದು ಎಂದಳು. ಅತ್ತ ಕಡೆಯಿಂದ ಮೊದಲ ಬಾರಿಗೆ ಹೆಲೆನ್ ನಕ್ಕದ್ದು ಕೇಳಿಸಿತು. ಸಂಜೆಗೆ ಮೂರು ಲೀಟರ್ ಇರಲಿ ಎಂದಷ್ಟೇ ಹೇಳಿದರು.

ಏಳು ಲೀಟರಿನಲ್ಲಿ ಹದಿನೈದು ಮಾರು ಬಟ್ಟೆ ಒಗೆಯುವುದು ವಿಜ್ಞಾನಿಗಳಿಗೆ ಆಗದ ಕೆಲಸ. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ನೋಡಿ ಬೆಳೆದ ನಮಗೆ ಅದು ನಿತ್ಯದ್ದು. ಹುಣಸೆ ನೀರನ್ನು ನನ್ನ ಹತ್ತಿ ಸೀರೆಯ ಸೆರಗಿನಲ್ಲಿ ನಾಲ್ಕು ಸಲ ಸೋಸಿದೆವು. ಬಟ್ಟೆಯನ್ನು ಬುಟ್ಟಿಯ ಮೇಲೆ ಮಡಿಕೆ ಮಡಿಕೆಯಾಗಿ ಇಟ್ಟು, ಮೇಲಿನಿಂದ ಲೋಟದಲ್ಲಿ ಹನಿಸುತ್ತ, ಕೆಳಗೆ ಇಳಿದದ್ದನ್ನು ಸೋಸಿ ಮತ್ತೆ ಮೇಲೆ ಹನಿಸುತ್ತ ಬಂದೆವು. ಕೊನೆಗೆ ಚೊಕ್ಕ ನೀರಿನಲ್ಲಿ ಹಾಗೇ ಎರಡು ಸಲ. ನೀಲಾ ಗಡಿಯಾರ ಹಿಡಿದು ನಿಂತಿದ್ದವಳು ಆಮೇಲೆ ಗಡಿಯಾರ ಇಟ್ಟು, ಸೆರಗು ಇಲ್ಲದ್ದಕ್ಕೆ ಅಂಗಿಯ ತೋಳು ಮಡಚಿ ನಮ್ಮ ಜೊತೆ ಕೂತಳು.

ಕೊನೆಯ ಮಡಿಕೆಯಲ್ಲಿ ಆ ಮೂಲೆ ಇತ್ತು. ಹುಳಿ ನೀರು ಹನಿಸಿದೆ. ಕೆಂಪು ಬೊಟ್ಟು ಅಂಚಿನಿಂದ ತಿಳಿಯಾಗುತ್ತ ಬಂತು. ಕಿತ್ತಳೆಯಾಯಿತು. ನೋಡುನೋಡುತ್ತಿದ್ದಂತೆ ನಾನು ಇಟ್ಟ ದಿನದ ಹಳದಿ ಮರಳಿ ಬಂತು. ನೀಲಾಳ ಕಣ್ಣು ತುಂಬಿದ್ದು ನಾನು ನೋಡಿದೆ. ಅವಳೂ ನನ್ನನ್ನು ನೋಡಿದಳು. ನನ್ನ ಒದ್ದೆ ಕೈ ಹಿಡಿದುಕೊಂಡಳು.

ಆ ದಿನ ಒಣ ರೊಟ್ಟಿ, ಶೇಂಗಾ ಚಟ್ನಿ, ತಲೆಗಿಷ್ಟೆಂದು ಅಳೆದ ನೀರು. ಹೊತ್ತು ಮುಳುಗುವಾಗ ಡ್ರಮ್ಮಿನಲ್ಲಿ ಸರಿಯಾಗಿ ಮೂರು ಲೀಟರ್ ಇತ್ತು. ಬಟ್ಟೆಯನ್ನು ಈ ಸಲ ಗಾಳಿಗೆ ಮರೆಯಾಗಿ ಕಟ್ಟಿದೆವು. ಆರನೆಯ ಬೆಳಿಗ್ಗೆ ನನಗೆ ಡ್ರಮ್ಮಿನ ಹತ್ತಿರ ಹೋಗಲು ಧೈರ್ಯವಾಗದೆ ವ್ಯಾನಿನಲ್ಲೇ ಕೂತೆ. ಟಪ್ ಎಂದಿತು. ಮತ್ತೆ ಟಪ್. ಆಮೇಲೆ ಎಣಿಸಲಾಗದಷ್ಟು ಬೇಗ ಬೇಗ. ಕಸ್ತೂರಿ ತಟ್ಟೆ ಬಡಿಯುತ್ತ ಡ್ರಮ್ಮಿನ ಸುತ್ತ ಕುಣಿಯುತ್ತಿದ್ದಳು, ನೀಲಾ ಅವಳನ್ನು ಸುಮ್ಮನಿರಿಸಲು ಹೋಗಿ ತಾನೂ ಕುಣಿಯತೊಡಗಿದಳು. ಹದಿನೆಂಟು ಲೀಟರ್. ಬಿಡಾರದಲ್ಲಿ ಮತ್ತೆ ತೀವ್ರ ಜಗಳ, ಎಲ್ಲ ಕ್ಷೇಮ ಎಂದು ಅಡಿಲೇಡಿನ ವರದಿಯಲ್ಲಿ ದಾಖಲಾಯಿತು.

ಏಳನೆಯ ದಿನ ರಸ್ತೆ ಮುಗಿಯುವ ಕಡೆ ಒಂದು ಪೆಟ್ರೋಲ್ ಬಂಕು, ಅದರ ಪಕ್ಕದಲ್ಲಿ ಚಹಾದಂಗಡಿ. ಹೆಲೆನ್ ಸಣ್ಣ ವಿಮಾನದಲ್ಲಿ ಬಂದು ಅಲ್ಲಿ ಕಾಯುತ್ತಿದ್ದರು. ಸೀಲು ಮುಟ್ಟಿ ನೋಡಿದರು, ಹಾಗೇ ಇತ್ತು. ಬಟ್ಟೆ ಇನ್ನು ಕಪಾಟು ಸೇರುವುದಿಲ್ಲ ಎಂದರು. ಆಮೇಲೆ ಸಣ್ಣ ತಕ್ಕಡಿ ತೆಗೆದು, ಅರಿಶಿನ ಹೇಗೆ ಹಚ್ಚಿದೆ ತೋರಿಸು ಎಂದು ನನ್ನನ್ನು ಕೇಳಿದರು. ಹಾಳೆಯ ಮೇಲೆ ಬೊಟ್ಟಿಟ್ಟೆ. ತೂಗಿದರು, ನಲವತ್ತು ಮಿಲಿಗ್ರಾಂ ಬಂತು. ಇನ್ನು ಮುಂದೆ ಹೊರಗೆ ಹೋಗುವ ಪ್ರತಿ ನೀರುಬಟ್ಟೆಯ ಮೂಲೆಗೂ ಇಷ್ಟು, ಕೆಂಪಾದರೆ ಹುಳಿಯಲ್ಲಿ ತೊಳೆಯಬೇಕು ಎಂದು ನಿಯಮದ ಪುಸ್ತಕದಲ್ಲಿ ಬರೆದುಕೊಂಡರು. ನೀಲಾ ಪೆನ್ನು ತೆಗೆದುಕೊಂಡು ನಲವತ್ತು ಮಿಲಿಗ್ರಾಂ ಎಂಬುದನ್ನು ಹೊಡೆದುಹಾಕಿ ಅದರ ಮೇಲೆ ಬರೆದಳು: ಉಂಗುರ ಬೆರಳಿನ ತುದಿಯಷ್ಟು. ಊರೂರಿನಲ್ಲಿ ತಕ್ಕಡಿ ಎಲ್ಲಿರುತ್ತದೆ, ಬೆರಳು ಎಲ್ಲರಿಗೂ ಇರುತ್ತದೆ ಎಂದಳು.

ಚಹಾ ಕುಡಿಯುತ್ತ ಕೂತಿದ್ದಾಗ ಅವಳು ಎದ್ದು ವ್ಯಾನಿಗೆ ಹೋಗಿ, ಚೀಲದ ಅಡಿಯಿಂದ ಏನನ್ನೋ ಎಳೆದು ತಂದಳು. ಚಂದ್ರಕಾಳಿ ಖಣ. ಮಡಿಕೆ ಬಿಚ್ಚಿ ನನ್ನ ತೊಡೆಯ ಮೇಲೆ ಹರವಿದಳು.

"ಇದಕ್ಕ ಹಚ್ಚಿಲ್ಲ ನೀ," ಎಂದಳು.

"ನೀನ ಬ್ಯಾಡ ಅಂದಿದ್ದಿ."

"ಅಂದಿದ್ದೆ," ಎಂದು ನೀಲಾ ಭರಣಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು. "ನಾಕೂ ಮೂಲಿಗೆ ಹಚ್ಚು."